ಕೊಚ್ಚಿ ಸಮ್ಮೇಳನಕ್ಕೆ ಹೋಗಿ ಬಂದೆವು. ಮುಂದಿನ ಸಲ ಯಾರು ಹೋಗಬೇಕು?

ಬೀರಮಲೆ · ಪುತ್ತೂರು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ, ಭಾನುವಾರ ಕೊಚ್ಚಿಯಲ್ಲಿ ದಕ್ಷಿಣದ ರಾಜ್ಯಗಳ ಲಿನಕ್ಸ್ ಬಳಕೆದಾರರ ಗುಂಪುಗಳು ಸೇರಿದ್ದವು. ಲಿನಕ್ಸ್ ಎಂದರೆ ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ನಮ್ಮ ಗುಂಪಿನಿಂದ ಮೂರು ಜನ ಹೋಗಿದ್ದೆವು. ಇವತ್ತು ಬೆಳಿಗ್ಗೆಯಷ್ಟೇ ಊರು ಮುಟ್ಟಿದ್ದು. ವರದಿ ಬರೆಯಲಿಕ್ಕೆಂದು ಕೂತೆ, ಆದರೆ ತಲೆಯಲ್ಲಿ ಒಂದೇ ಪ್ರಶ್ನೆ ತಿರುಗುತ್ತಾ ಉಂಟು. ಅದನ್ನೇ ನಿಮ್ಮ ಮುಂದಿಡುತ್ತೇನೆ.

ನಮ್ಮದು ಸಣ್ಣ ಗುಂಪು. 11 ವರ್ಷದಿಂದ ತಿಂಗಳ ಎರಡನೇ ಭಾನುವಾರ ಒಂದು ವಾಚನಾಲಯದ ಮಹಡಿಯಲ್ಲಿ ಸೇರುತ್ತೇವೆ. ಮಳೆಗಾಲದಲ್ಲಿ ಐದು ಜನ, ಮಳೆ ಬಿಟ್ಟ ಮೇಲೆ ಹದಿನೈದು. ಹೊರಗಿನ ಸಮ್ಮೇಳನ ಅಂತಾದರೆ ಹೆಚ್ಚಾಗಿ ಹೋಗುವುದು ನಾವು ಹಳಬರು ಮೂವರೇ. ಯಾರೂ ಹಾಗೆ ನಿಯಮ ಮಾಡಿದ್ದಲ್ಲ, ಅದು ಹಾಗೇ ನಡೆದುಕೊಂಡು ಬಂತು. ಈ ಸಲ ನಮ್ಮಲ್ಲಿ ಒಬ್ಬರಿಗೆ ಮನೆಯಲ್ಲಿ ಗೃಹಪ್ರವೇಶ. ಟಿಕೆಟ್ ಹಾಳಾಗುವುದು ಬೇಡ ಎಂದು ಎರಡನೇ ವರ್ಷದ ಬಿಸಿಎ ಓದುವ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋದೆವು.

ಭಾಷಣಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಳ್ಳೆಯವೂ ಇದ್ದವು, ಮನೆಯಲ್ಲೇ ಕೂತು ನೋಡಬಹುದಾದವೂ ಇದ್ದವು. ನನಗೆ ಮುಖ್ಯವಾದದ್ದು ಶನಿವಾರ ಸಂಜೆ ಚಹಾ ಆದ ಮೇಲೆ ನಡೆದದ್ದು. ಗುಂಪು ನಡೆಸುವವರಷ್ಟೇ ಇಪ್ಪತ್ತರ ಹತ್ತಿರ ಜನ ಮೆಟ್ಟಿಲ ಬುಡದಲ್ಲಿ ನೆಲದ ಮೇಲೆ ಕೂತೆವು. ಮೈಕ್ ಇಲ್ಲ, ಸ್ಲೈಡ್ ಇಲ್ಲ. ಒಬ್ಬೊಬ್ಬರೂ ತಮ್ಮ ಗುಂಪಿನ ಕಷ್ಟ ಹೇಳಿಕೊಂಡರು. ಒಂದು ಕಡೆ ಕೂರಲಿಕ್ಕೆ ಕೋಣೆ ಇಲ್ಲ. ಇನ್ನೊಂದು ಕಡೆ ಕಾಲೇಜಿನ ಮಕ್ಕಳು ಕೆಲಸ ಸಿಕ್ಕಿದ ಕೂಡಲೇ ಬೆಂಗಳೂರಿಗೋ ಹೈದರಾಬಾದಿಗೋ ಹೊರಟುಬಿಡುತ್ತಾರೆ. ಒಂದು ಊರಿನ ಗುಂಪಿನ ಜಾಲತಾಣವೇ ಮುಚ್ಚಿಹೋಗಿತ್ತು. ಡೊಮೈನ್, ಅಂದರೆ ಜಾಲತಾಣದ ವಿಳಾಸ, ನವೀಕರಿಸಿ ಎಂಬ ಇಮೇಲ್ ಹೋಗುತ್ತಿದ್ದದ್ದು ಎಂದೋ ಗುಂಪು ಬಿಟ್ಟು ವಿದೇಶಕ್ಕೆ ಹೋದವರೊಬ್ಬರಿಗೆ. ಎಂಟು ವರ್ಷದ ಟಿಪ್ಪಣಿಗಳೆಲ್ಲ ಹೋದವು ಎನ್ನುವಾಗ ಆ ಸಂಚಾಲಕರ ಗಂಟಲು ಕಟ್ಟಿತು.

ಆಗ ಕೋಯಿಕ್ಕೋಡ್ ಕಡೆಯ ಹಿರಿಯರೊಬ್ಬರು ಎಲ್ಲರಿಗೂ ಸರದಿಯ ಪ್ರಕಾರ ಒಂದೇ ಪ್ರಶ್ನೆ ಕೇಳಿದರು. ಮುಂದಿನ ಸಭೆಯ ದಿನ ನೀವು ಊರಲ್ಲಿ ಇಲ್ಲದಿದ್ದರೆ ಸಭೆ ನಡೆಯುತ್ತದಾ?

ನನ್ನ ಸರದಿ ಬಂದಾಗ ನಡೆಯುವುದಿಲ್ಲ ಎಂದೆ. ಮಹಡಿಯ ಕೀಲಿಕೈ ಇರುವುದು ನನ್ನ ಹತ್ತಿರ. ಪ್ರೊಜೆಕ್ಟರ್ ಇರುವುದು ನನ್ನ ಮನೆಯಲ್ಲಿ. ಸಂದೇಶ ಕಳಿಸುವುದೂ ನಾನೇ. ರೈಲಿನಲ್ಲಿ ರಾತ್ರಿಯಿಡೀ ಅದೇ ಯೋಚನೆ.

ಬೇಸಿಗೆಯ ಹೊತ್ತಿಗೆ ಇನ್ನೊಂದು ಸಮ್ಮೇಳನ ಉಂಟು. ನಮ್ಮ ನಿಧಿಯಲ್ಲಿ ಇಬ್ಬರನ್ನು ಕಳಿಸುವಷ್ಟು ಹಣ ಉಂಟು. ಯಾರು ಹೋಗಬೇಕು? ಗುಂಪು ನಡೆಸುವವರಾ, ಹೊಸಬರಾ? ನಿಮ್ಮ ಗುಂಪುಗಳಲ್ಲಿ ಹೇಗೆ ತೀರ್ಮಾನ ಮಾಡುತ್ತೀರಿ?

ಹಳೇ ಸಿಡಿ · ಬೆಂಗಳೂರು · ಸೋಮವಾರ, ರಾತ್ರಿ 10:55

ಬೀರಮಲೆಯವರೇ, ಗುಂಪು ನಡೆಸುವವರೇ ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಲಿನಕ್ಸ್ ನೋಡಿದ್ದು 1996ರಲ್ಲಿ. ಆ ವರ್ಷದ ಮಾರ್ಚ್ ತಿಂಗಳ ಪಿಸಿಕ್ವೆಸ್ಟ್ ಪತ್ರಿಕೆ ಜೊತೆ ಸ್ಲ್ಯಾಕ್‌ವೇರ್ ಅನ್ನೋ ಲಿನಕ್ಸ್ ಆವೃತ್ತಿ ಇದ್ದ ಸಿಡಿ ಕೊಟ್ಟಿದ್ರು. ಡೌನ್‌ಲೋಡ್ ಅನ್ನೋ ಮಾತೇ ಇರಲಿಲ್ಲ. ಒಂದು ಸಿಡಿ ಹತ್ತು ಮನೆ ಸುತ್ತಿ ಬರ್ತಿತ್ತು. ಸೌಂಡ್ ಕಾರ್ಡ್ ಕೆಲಸ ಮಾಡ್ಲಿಲ್ಲ ಅಂದ್ರೆ ಕೇಳೋಕೆ ಮನುಷ್ಯರೇ ಬೇಕಿತ್ತು, ಆ ಮನುಷ್ಯರು ಸಿಗ್ತಿದ್ದದ್ದು ಬಳಕೆದಾರರ ಗುಂಪಿನಲ್ಲೇ. ಆಮೇಲೆ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯ್ತು. 2005ರಲ್ಲಿ ಅದರ ಹೆಸರು ಫಾಸ್ ಡಾಟ್ ಇನ್ ಅಂತ ಆಯ್ತು, 2012ರದ್ದೇ ಕೊನೇದು. ಮುಂದೆ ನಿಂತು ನಡೆಸಿದ ಅತುಲ್ ಚಿಟ್ನಿಸ್ 2013ರ ಜೂನ್‌ನಲ್ಲಿ ತೀರಿಕೊಂಡ್ರು.

2003ರ ಡಿಸೆಂಬರ್‌ನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಸಭಾಂಗಣದಲ್ಲಿ ಆ ಸಮ್ಮೇಳನ ನಡೆದಾಗ ನಾನು ಸ್ವಯಂಸೇವಕ. ನೋಂದಣಿ ಮೇಜಿನ ಹತ್ತಿರ ಕೂತಿದ್ದೆ. ಬೇರೆ ಊರುಗಳಿಂದ ಬಂದ ಸಂಚಾಲಕರನ್ನ ಅಲ್ಲೇ ನೋಡಿದ್ದು. ಮೊದಲ ವರ್ಷ ಬರೀ ನಮಸ್ಕಾರ. ಎರಡನೇ ವರ್ಷ ಜೊತೇಲಿ ಊಟ. ಮೂರನೇ ವರ್ಷಕ್ಕೆ, ನಮ್ಮೂರಲ್ಲಿ ಕಾರ್ಯಾಗಾರ ಇದೆ, ಬರ್ತೀರಾ ಅಂತ ಫೋನ್ ಮಾಡೋವಷ್ಟು ಸಲುಗೆ. ಆ ನಂಬಿಕೆ ಕಟ್ಟೋಕೆ ಅದೇ ಮುಖ ಮತ್ತೆ ಮತ್ತೆ ಕಾಣಬೇಕು. ಪ್ರತಿ ಸಲ ಹೊಸಬರನ್ನ ಕಳಿಸಿದ್ರೆ ಪ್ರತಿ ಸಲವೂ ಮೊದಲ ವರ್ಷವೇ ಆಗುತ್ತೆ.

ಸಾಧನಕೇರಿ · ಧಾರವಾಡ · ಮಂಗಳವಾರ, ಬೆಳಿಗ್ಗೆ 7:20

ನಮಸ್ಕಾರ್ರೀ. ಹಳೇ ಸಿಡಿಯವ್ರು ಹೇಳಿದ್ದು ಖರೆ ಅದ, ಆದ್ರ ಅದು ಬೆಂಗಳೂರಿಗೆ ಸರಿ. ನಮ್ಮಂಥ ಊರಿಗೆ ಹಂಗ ಆಗೂದಿಲ್ಲ. ನಾ ಸ್ವಲ್ಪ ನೇರ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಹೋದ ವರ್ಷ ನಾನೂ ನಮ್ಮ ಇನ್ನೊಬ್ಬ ಸಂಚಾಲಕರೂ ಹೈದರಾಬಾದಿಗೆ ಹೋಗಿದ್ವಿ. ಬಂದು 40 ಸ್ಲೈಡ್ ಮಾಡಿ ತೋರಿಸಿದ್ವಿ. ಕೇಳಾಕ ಬಂದವ್ರು ಆರು ಮಂದಿ. ಅದರಾಗ ಇಬ್ಬರು ನಡುವ ಎದ್ದು ಹ್ವಾದ್ರು. ತಪ್ಪು ಅವರದಲ್ಲ. ನಾವು ಅಲ್ಲಿ ಕೇಳಿದ್ದನ್ನ ಇಲ್ಲಿ ತಂದು ಸುರುವಿದ್ವಿ, ಅಷ್ಟ. ಆ ಮಂದಿಗೆ ಬೇಕಾಗಿದ್ದು ತಮ್ಮ ಲ್ಯಾಪ್‌ಟಾಪಿನ್ಯಾಗ ಕನ್ನಡ ಹೆಂಗ ಟೈಪ್ ಮಾಡೂದು ಅನ್ನೂದು. ನಾವು ಹೇಳಿದ್ದು ಕಂಟೇನರ್, ಕ್ಲೌಡ್.

ಅದರ ಮ್ಯಾಲೆ ಒಂದು ಮಾತು ಮಾಡ್ಕೊಂಡೇವಿ. ಗುಂಪಿನ ರೊಕ್ಕದಾಗ ಹೋದವ್ರು ಬಂದು ಭಾಷಣ ಮಾಡಬಾರ್ದು. ಬಂದ 30 ದಿನದಾಗ ಏನರ ಒಂದು ಕೆಲಸ ಮಾಡಿ ತೋರಿಸಬೇಕು. ಮಂದಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡೂ ಒಂದು ಇನ್‌ಸ್ಟಾಲ್ ಮೇಳ, ಒಂದು ಸಾಲಿಯೊಳಗ ಒಂದು ದಿನದ ತರಬೇತಿ, ಏನರ. ಇದನ್ನ ಹೇಳಿದ ಕೂಡ್ಲೆ ಹೋಗವ್ರ ಪಟ್ಟಿ ತಾನ ಬದಲಾತು. ಮೊದಲ ಕೈ ಎತ್ತತಿದ್ದ ಹಳಬರು ಹಿಂದ ಸರದ್ರು, ಕೆಲಸ ಮಾಡೂ ಹುಡುಗರು ಮುಂದ ಬಂದ್ರು.

ಲೆಕ್ಕದ ಪುಸ್ತಕ · ಪುತ್ತೂರು · ಮಂಗಳವಾರ, ಮಧ್ಯಾಹ್ನ 1:15

ನಾನು ಬೀರಮಲೆಯವರ ಗುಂಪಿನ ಖಜಾಂಚಿ, ಕೊಚ್ಚಿಗೆ ಹೋದ ಮೂವರಲ್ಲಿ ಒಬ್ಬಳು. ಯಾರು ಹೋಗಬೇಕು ಎಂದು ಮಾತಾಡುವಾಗ ಹಣ ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಹಾಗಾಗಿ ಲೆಕ್ಕ ಕೊಡುತ್ತೇನೆ.

ಬಸ್ಸು, ಸ್ಲೀಪರ್ ರೈಲು, ಒಂದು ರಾತ್ರಿಯ ಡಾರ್ಮಿಟರಿ, ಊಟ, ಅಲ್ಲಿನ ಮೆಟ್ರೋ, ಎಲ್ಲ ಸೇರಿ ಮೂವರಿಗೆ 5,480 ರೂಪಾಯಿ. ದೊಡ್ಡ ಮೊತ್ತವಲ್ಲ ಎನಿಸಬಹುದು. ಆದರೆ ಅದು ಪ್ರತಿ ಸಭೆಗೆ ತಲಾ 50 ರೂಪಾಯಿಯಂತೆ ಡಬ್ಬಿಗೆ ಬಿದ್ದ ಹಣ. ಹಣ ಹಾಕಿದವರಲ್ಲಿ ಒಬ್ಬರು ಮೊಬೈಲ್ ರಿಪೇರಿ ಅಂಗಡಿಯವರು, ಒಂದು ಸಭೆಯನ್ನೂ ತಪ್ಪಿಸಿದವರಲ್ಲ, ಯಾವ ಸಮ್ಮೇಳನಕ್ಕೂ ಹೋದವರಲ್ಲ. ಭಾನುವಾರ ಅಂಗಡಿ ಅರ್ಧ ದಿನ ಮುಚ್ಚಿ ಬರುತ್ತಾರೆ. ಎರಡು ದಿನ ಮುಚ್ಚಲಿಕ್ಕೆ ಅವರಿಗೆ ಆಗುವುದಿಲ್ಲ. ಅವರು ಹಾಕಿದ ಹಣದಲ್ಲಿ ನಾನು ಕೊಚ್ಚಿಯ ಹಿನ್ನೀರು ನೋಡಿ ಬಂದೆ. ಇದು ನನ್ನ ಮನಸ್ಸಿನಲ್ಲಿ ಕೂತಿದೆ.

ಇನ್ನೊಂದು. ಮೂವರ ಪ್ರಯಾಣದ ಖರ್ಚು ತಾವು ಕೊಡುತ್ತೇವೆ ಎಂದಿದ್ದ ಸಂಸ್ಥೆಯೊಂದು ಹೊರಡುವ ವಾರ ಆಗುವುದಿಲ್ಲ ಎಂದಿತು. ಕಾರಣ, ನಮ್ಮ ಗುಂಪಿಗೆ ನೋಂದಣಿ ಇಲ್ಲ, ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ. ಹಣ ಇರುವುದು ನನ್ನ ಮತ್ತು ಇನ್ನೊಬ್ಬರ ಜಂಟಿ ಖಾತೆಯಲ್ಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಮಾಡಬಹುದು. ಆದರೆ ಆಮೇಲೆ ಪ್ರತಿ ವರ್ಷ ಮಹಾಸಭೆ, ಲೆಕ್ಕಪತ್ರ, ಪಟ್ಟಿ ಸಲ್ಲಿಕೆ. ಅದನ್ನು ಬಿಡದೆ ಮಾಡುವವರು ಯಾರು? ಮತ್ತೆ ಅದೇ ಕೀಲಿಕೈಯ ಪ್ರಶ್ನೆಗೆ ಬಂದೆವು.

ಮಂಡ್ಯದ ಮೇಷ್ಟ್ರು · ಮಂಗಳವಾರ, ರಾತ್ರಿ 8:30

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಯಾವ ಸಮ್ಮೇಳನಕ್ಕೂ ಹೋಗಿಲ್ಲ, ಮುಂದೆ ಹೋಗ್ತೀನಿ ಅನ್ನೋ ನಂಬಿಕೇನೂ ಇಲ್ಲ. ಶನಿವಾರ ಬೆಳಗ್ಗೆ ನಮಗೆ ಶಾಲೆ ಇರುತ್ತೆ, ಚುನಾವಣೆ, ಗಣತಿ ಅಂತ ಬೇರೆ ಕೆಲಸಗಳು. ಹಾಗಂತ ನಮಗೆ ಅಲ್ಲಿಂದ ಏನೂ ಬೇಡ ಅಂತಲ್ಲ ಕಣ್ರೀ.

ನಮ್ಮ ಲ್ಯಾಬಲ್ಲಿ 12 ಕಂಪ್ಯೂಟರ್ ಇದಾವೆ. ಎಲ್ಲಾ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತುಹೋಯ್ತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮವು ಅದಕ್ಕಿಂತ ಹಳೇವು. ಕಂಪ್ಯೂಟರ್ ಚೆನ್ನಾಗೇ ಓಡ್ತಿವೆ, ಮಕ್ಕಳು ಅದರಲ್ಲೇ ಕಲೀತಿದಾರೆ. ಅವನ್ನ ಮೂಲೆಗೆ ಹಾಕು ಅಂದ್ರೆ ಹೊಟ್ಟೆ ಉರಿಯುತ್ತೆ.

ಲಿನಕ್ಸ್ ಹಾಕಬಹುದು ಅಂತ ಗೊತ್ತು. ಆದ್ರೆ ನನ್ನ ಕಷ್ಟ ಬೇರೆ. ಹದಿನೈದು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣುತ್ತೆ. ಅದನ್ನ ಸಾಲು ತಪ್ಪದ ಹಾಗೆ, ಗಣಿತದ ಚಿಹ್ನೆ ಕೆಡದ ಹಾಗೆ ಯೂನಿಕೋಡಿಗೆ ತರೋದು ಹೇಗೆ?

ಇನ್ನು ಕೇರಳದಲ್ಲಿ ಇಡೀ ರಾಜ್ಯದ ಶಾಲೆಗಳು ಗ್ನೂ ಲಿನಕ್ಸ್ ಮೇಲೆ ನಡೀತವಂತೆ. ಅಲ್ಲಿನ ಮೇಷ್ಟ್ರುಗಳಿಗೆ ಕಂಪ್ಯೂಟರ್ ಕೈಕೊಟ್ಟಾಗ ಸಹಾಯ ಮಾಡೋರು ಯಾರು? ಕೊಚ್ಚಿಗೆ ಹೋದೋರು ಇದನ್ನ ಕೇಳಿದ್ರಾ? ಕೇಳಿಲ್ಲ ಅಂದ್ರೆ ಅದು ನನ್ನ ತಪ್ಪೇ, ಹೋಗೋ ಮುಂಚೆ ನಾನು ಹೇಳಬೇಕಿತ್ತು. ಆದ್ರೆ ನೀವು ಹೋಗ್ತಿರೋದು ನನಗೆ ಗೊತ್ತಾಗಿದ್ದೇ ಈಗ.

ಬೀರಮಲೆ · ಪುತ್ತೂರು · ಮಂಗಳವಾರ, ರಾತ್ರಿ 11:05

ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ಹೋಗುವ ಮೊದಲು ಇಲ್ಲಿ ಎರಡು ಸಾಲು ಬರೆದು, ಅಲ್ಲಿ ಏನು ಕೇಳಿಕೊಂಡು ಬರಬೇಕು ಹೇಳಿ ಎನ್ನಬೇಕಿತ್ತು ನಾನು. 11 ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಲಿಲ್ಲ.

ಕೇರಳದ ವಿಷಯ ಸ್ವಲ್ಪ ತಿಳಿದದ್ದು ಹೇಳುತ್ತೇನೆ. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿ ಆಯಿತು. ತಮ್ಮದೇ ಗ್ನೂ ಲಿನಕ್ಸ್ ಆವೃತ್ತಿ ತಯಾರು ಮಾಡಿ ಶಾಲೆಗಳಿಗೆ ಕೊಡುತ್ತಾರೆ, ಮಲಯಾಳಂ ಫಾಂಟ್, ಪಾಠದ ತಂತ್ರಾಂಶ ಎಲ್ಲ ಅದರಲ್ಲೇ ಇರುತ್ತದೆ. 2019ರ ಹೊತ್ತಿಗೇ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಅದು ಇತ್ತು. 2018ರಿಂದ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳೂ ಉಂಟು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು. ಲ್ಯಾಬಿನ ಸಣ್ಣಪುಟ್ಟ ತೊಂದರೆ ಸರಿಮಾಡಲಿಕ್ಕೆ ಆ ಮಕ್ಕಳೇ ಕೈಹಾಕುತ್ತಾರೆ.

ನುಡಿ ಕಡತಗಳ ಬಗ್ಗೆ. ಪರಿವರ್ತಕಗಳು ಉಂಟು, ಆದರೆ ಇಡೀ ಕಡತವನ್ನು ಒಟ್ಟಿಗೆ ಸುರಿದರೆ ನಡುವೆ ಇರುವ ಇಂಗ್ಲಿಷ್ ಅಕ್ಷರ, ಅಂಕಿ, ಗಣಿತದ ಚಿಹ್ನೆಗಳೂ ಕನ್ನಡವಾಗಿ ಬದಲಾಗಿ ಕೆಡುತ್ತವೆ. ಯಾಕೆಂದರೆ ಹಳೆಯ ಫಾಂಟಿನಲ್ಲಿ ಕನ್ನಡ ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಕಡತದಲ್ಲಿ ಯಾವ ತುಂಡಿಗೆ ಯಾವ ಫಾಂಟ್ ಹಾಕಿದೆ ಎಂದು ನೋಡಿ, ನುಡಿ ಫಾಂಟಿನ ತುಂಡುಗಳನ್ನು ಮಾತ್ರ ಪರಿವರ್ತಿಸಬೇಕು. ಲಿಬ್ರೆ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ, ಬರೆದು ಇದನ್ನು ಮಾಡಬಹುದು. ನಿಮ್ಮದೊಂದು ಪ್ರಶ್ನೆಪತ್ರಿಕೆ ಕಳಿಸಿ, ಪ್ರಯತ್ನ ಮಾಡುತ್ತೇನೆ.

ಹೊಸದಾಗಿ ಟೈಪ್ ಮಾಡಲಿಕ್ಕೆ ತೊಂದರೆ ಇಲ್ಲ. ಲಿನಕ್ಸಿನಲ್ಲಿ ಟೈಪಿಂಗಿಗೆ ಬೇಕಾದ ಐಬಸ್ ಎಂಬ ತಂತ್ರಾಂಶದ ಜೊತೆ ಎಂ17ಎನ್ ಹಾಕಿದರೆ ನುಡಿಯವರಿಗೆ ಅಭ್ಯಾಸ ಇರುವ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಕೂಡ ಉಂಟು. ಫಾಂಟಿಗೆ ಗುಬ್ಬಿ, ನವಿಲು ಎರಡೂ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ತಂತ್ರಾಂಶ ಭಂಡಾರದಲ್ಲೇ ಇವೆ.

ಎರಡನೇ ಸಾಲು · ಪುತ್ತೂರು · ಬುಧವಾರ, ಸಂಜೆ 6:10

ನಮಸ್ತೆ. ಕೊಚ್ಚಿಗೆ ಹೋದ ವಿದ್ಯಾರ್ಥಿನಿ ನಾನೇ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಹೋಗಬೇಕು ಎಂದಾಗ ಮನೆಯಲ್ಲಿ ಅಮ್ಮ ಮೊದಲು ಕೇಳಿದ್ದು ಹೆಂಗಸರು ಯಾರಾದರೂ ಬರ್ತಾರಾ ಎಂದು. ಖಜಾಂಚಿ ಅಕ್ಕ ತಾವೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಎಲ್ಲಿ ಉಳಿಯುವುದು, ಎಷ್ಟು ಹೊತ್ತಿಗೆ ರೈಲು, ಎಲ್ಲ ಹೇಳಿದ ಮೇಲೆ ಅಮ್ಮ ಒಪ್ಪಿದರು. ಅಕ್ಕ ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ. ಯಾರು ಹೋಗಬೇಕು ಎಂದು ಬರೆಯುವಾಗ ಇದನ್ನೂ ಸೇರಿಸಿಕೊಳ್ಳಿ.

ಭಾಷಣಗಳಲ್ಲಿ ಅರ್ಧ ನನಗೆ ಅರ್ಥ ಆಗಲಿಲ್ಲ. ಇಂಗ್ಲಿಷ್ ವೇಗವಾಗಿತ್ತು, ವಿಷಯವೂ ಹೊಸದು. ಮೊದಲ ದಿನ ಮಧ್ಯಾಹ್ನ ವಾಪಸ್ ಹೋದರೆ ಸಾಕು ಅನಿಸಿತ್ತು. ಆಮೇಲೆ ಫಾಂಟ್ ಮಾಡುವವರ ಮೇಜಿಗೆ ಹೋದೆ. ನನಗೆ ಒಂದು ಸಂಶಯ ಇತ್ತು. ರ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಯ ಹೀಗೆ ಟೈಪ್ ಮಾಡಿದರೆ ಸೂರ್ಯ, ಕಾರ್ಯ ಎಂಬಲ್ಲಿ ಇರುವ ಹಾಗೆ ಅರ್ಕಾವೊತ್ತು ಬರುತ್ತದೆ. ಆದರೆ ರ‍್ಯಾಂಕ್ ಎಂದು ಬರೆಯುವಾಗ ರ ಪೂರ್ತಿ ಕಾಣಬೇಕು, ಯ ಒತ್ತಾಗಬೇಕು. ನಮ್ಮ ಕಾಲೇಜಿನ ಪ್ರಕಟಣೆಯಲ್ಲಿ ಅದು ಯಾವಾಗಲೂ ಅರ್ಕಾವೊತ್ತಾಗಿ ಬಂದು ರ್ಯಾಂಕ್ ಎಂದೇ ಆಗುತ್ತದೆ.

ಅಲ್ಲಿದ್ದವರು ಮಲಯಾಳಂ ಫಾಂಟ್ ಮಾಡುವವರು, ಕನ್ನಡ ಓದಲು ಬರುವುದಿಲ್ಲ. ಆದರೆ ನಾನು ಕಾಗದದಲ್ಲಿ ಬರೆದು ತೋರಿಸಿದ ಕೂಡಲೇ ಅವರಿಗೆ ಹೊಳೆಯಿತು. ರ ಆದ ಮೇಲೆ, ವಿರಾಮಕ್ಕಿಂತ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕಂತೆ. ಅವರಲ್ಲೂ ಚಿಲ್ಲು ಎಂಬ, ಸ್ವರವಿಲ್ಲದ ವ್ಯಂಜನದ ಅಕ್ಷರಗಳಿಗೆ ಹಿಂದೆ ಇದೇ ಜೋಡಕ ಬೇಕಿತ್ತಂತೆ, 2008ರಲ್ಲಿ ಯೂನಿಕೋಡ್ 5.1 ಬಂದಾಗ ಚಿಲ್ಲುಗಳಿಗೆ ಬೇರೆ ಸಂಕೇತ ಸಿಕ್ಕಿತು. ಅವರು ತಮ್ಮ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ನೀನೇ ಟೈಪ್ ಮಾಡು ಎಂದರು. ರ‍್ಯಾಂಕ್ ಸರಿಯಾಗಿ ಬಂತು. ನನ್ನ ಕೈಯಿಂದಲೇ ಬಂತು.

ನಾನು ಎರಡು ದಿನದಲ್ಲಿ ಕಲಿತದ್ದು ಇದೊಂದೇ. ಆದರೆ ಇದು ನನಗೆ ಇನ್ನು ಮರೆಯುವುದಿಲ್ಲ. ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆದಿದ್ದೇನೆ, ಚಿತ್ರ ಹಾಕಿ ಭಾನುವಾರ ಕೊಡುತ್ತೇನೆ.

ಹಳೇ ಸಿಡಿ · ಬೆಂಗಳೂರು · ಬುಧವಾರ, ರಾತ್ರಿ 9:15

ಎರಡನೇ ಸಾಲಿನವರೇ, ಇದನ್ನ ಎರಡು ಸಲ ಓದಿದೆ. ಇಷ್ಟು ವರ್ಷ ಕನ್ನಡದಲ್ಲಿ ಟೈಪ್ ಮಾಡ್ತಿದೀನಿ, ಆ ಜೋಡಕ ಎಲ್ಲಿ ಬರಬೇಕು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಟಿಪ್ಪಣಿ ಆದಾಗ ಇಲ್ಲೂ ಹಾಕಿ.

ನಾನು ಸೋಮವಾರ ಬರೆದದ್ದನ್ನ ಪೂರ್ತಿ ಹಿಂದೆ ತಗೊಳ್ಳಲ್ಲ. ಪರಿಚಿತ ಮುಖ ಒಂದು ಇರಲೇಬೇಕು, ಇಲ್ಲದಿದ್ರೆ ಮೆಟ್ಟಿಲ ಹತ್ತಿರದ ಆ ಮಾತುಕತೆ ನಡೆಯೋದೇ ಇಲ್ಲ. ಆದ್ರೆ ಮೂರೂ ಹಳೇ ಮುಖವೇ ಆಗಬೇಕಿಲ್ಲ ಅನ್ನೋದು ಈಗ ಒಪ್ತೀನಿ.

ಟೆಕ್ಸಾಸಿನ ನಿವೃತ್ತ · ಡಲ್ಲಾಸ್ · ಗುರುವಾರ, ಬೆಳಿಗ್ಗೆ 8:00

ದೂರದಿಂದ ಒಂದು ಮಾತು. ನಾನು ಮೂಲತಃ ಹಾಸನ ಜಿಲ್ಲೆಯವನು, ಇಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಇಲ್ಲೊಂದು ಕಂಪ್ಯೂಟರ್ ಬಳಕೆದಾರರ ಗುಂಪಿನಲ್ಲಿ ಸ್ವಯಂಸೇವಕನಾಗಿದ್ದೇನೆ. ಬರುವವರಲ್ಲಿ ಹೆಚ್ಚಿನವರು 70 ದಾಟಿದವರು. ಮೊಮ್ಮಕ್ಕಳ ಫೋಟೋ ಉಳಿಸಿಕೊಳ್ಳುವುದು ಹೇಗೆ, ಬ್ಯಾಂಕಿನವರೆಂದು ಹೇಳಿ ಮೋಸ ಮಾಡುವ ಕರೆಗಳನ್ನು ಗುರುತಿಸುವುದು ಹೇಗೆ, ಇವೇ ನಮ್ಮ ಪಾಠಗಳು.

ಈ ದೇಶದಲ್ಲಿ ಗುಂಪುಗಳ ಇತಿಹಾಸ ಉದ್ದವಾದದ್ದು. 1955ರಲ್ಲೇ ಐಬಿಎಂ 704 ಎಂಬ ದೊಡ್ಡ ಕಂಪ್ಯೂಟರ್ ಬಳಸುವವರು ಷೇರ್ ಎಂಬ ಕೂಟ ಕಟ್ಟಿದ್ದರು. ಮನೆಬಳಕೆಯ ಕಂಪ್ಯೂಟರಿನವರ ಹೋಮ್‌ಬ್ರೂ ಕ್ಲಬ್ಬಿನ ಮೊದಲ ಸಭೆ 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಒಂದು ಕಾರ್ ಶೆಡ್ಡಿನಲ್ಲಿ ನಡೆಯಿತು. ಬಾಸ್ಟನ್ ಕಂಪ್ಯೂಟರ್ ಸೊಸೈಟಿಯನ್ನು 1977ರಲ್ಲಿ ಶುರು ಮಾಡಿದ ಜೊನಾಥನ್ ರೋಟೆನ್‌ಬರ್ಗ್‌ಗೆ ಆಗ 13 ವರ್ಷ. ಅದು ಬೆಳೆದು ಒಂದು ಹಂತದಲ್ಲಿ 30,000ಕ್ಕೂ ಹೆಚ್ಚು ಸದಸ್ಯರಿದ್ದರು. 1996ರಲ್ಲಿ ಮುಚ್ಚಿತು.

ನಾನು ಇದನ್ನು ಹೇಳುವುದಕ್ಕೆ ಕಾರಣವಿದೆ. ಸದಸ್ಯರ ಸಂಖ್ಯೆ ನೋಡಿ ಗುಂಪು ಗಟ್ಟಿಯಾಗಿದೆ ಎಂದುಕೊಳ್ಳಬಾರದು. ಇಲ್ಲಿ ಪ್ರಾದೇಶಿಕ ಸಮ್ಮೇಳನಗಳಿಗೆ ಹೋದಾಗಲೆಲ್ಲ ನಾನು ಕಂಡದ್ದು ಅದೇ ಬಿಳಿಕೂದಲಿನ ಸ್ನೇಹಿತರನ್ನು, ಪ್ರತಿ ಸಲ ಒಬ್ಬಿಬ್ಬರು ಕಡಿಮೆ. ಅವರ ಕುರ್ಚಿಗೆ ಹೊಸಬರು ಬರಲಿಲ್ಲ. ನಮ್ಮ ಗುಂಪಿನಲ್ಲೇ 17 ವರ್ಷ ಪತ್ರಿಕೆ ತರುತ್ತಿದ್ದ ಹೆಂಗಸೊಬ್ಬರು ತೀರಿಕೊಂಡರು, ಮರುತಿಂಗಳಿನಿಂದ ಪತ್ರಿಕೆ ನಿಂತಿತು. ಅವರ ಕಂಪ್ಯೂಟರಿನಲ್ಲಿ ಏನಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಪುತ್ತೂರಿನ ಹುಡುಗಿಯ ಬರಹ ಓದಿ ನನಗೆ ಹೊಟ್ಟೆತುಂಬ ಸಂತೋಷವಾಯಿತು. ಆಕೆಯನ್ನು ಮುಂದಿನ ಸಲವೂ ಕಳಿಸಿ, ಜೊತೆಗೆ ಇನ್ನೂ ಹೊಸಬರೊಬ್ಬರನ್ನು.

ಸಾಧನಕೇರಿ · ಧಾರವಾಡ · ಗುರುವಾರ, ಸಂಜೆ 5:45

ಡಲ್ಲಾಸಿನ ಕಾಕಾರ ಮಾತು ಮನಸ್ಸಿಗೆ ನಾಟಿತು.

ತಮಿಳುನಾಡಿನವರ ಕಡೆ ಒಂದೀಟು ನೋಡ್ರಿ. ಚೆನ್ನೈ ಗುಂಪು 1998ರಿಂದ ತಿಂಗಳ ಎರಡನೇ ಶನಿವಾರ ಸೇರಕೋತ ಬಂದದ. ಕಾಂಚೀಪುರದವ್ರು ವಾರಕ್ಕೊಮ್ಮೆ ರವಿವಾರ ಸಂಜಿಮುಂದ ಜಿಟ್ಸಿ ಅನ್ನೂ ವಿಡಿಯೋ ಕರೆಯೊಳಗ ಕೂಡ್ತಾರ, ಮಾತು ತಮಿಳಿನ್ಯಾಗ. ವಿಳುಪ್ಪುರಂನವ್ರು ಹಳ್ಳಿ ಹುಡುಗರಿಗೆ ಪುಕ್ಕಟ ಪ್ರೋಗ್ರಾಮಿಂಗ್ ಕಲಿಸ್ತಾರ. ವಿಳುಪ್ಪುರಂ ಏನು ದೊಡ್ಡ ಶಹರ ಅಲ್ಲ, ನಮ್ಮ ಗದಗ, ಹಾವೇರಿ ಇದ್ದಂಗ. ಅಲ್ಲಿ ಆಗೂದು ನಮ್ಮಲ್ಲಿ ಯಾಕ ಆಗಬಾರದು? ನನಗ ಅನಸೂದು, ಅವರು ತಮ್ಮ ಭಾಷಾದಾಗ ಮಾತಾಡ್ತಾರ. ನಾವು ಕನ್ನಡದ ಮಂದಿ ಕೂಡಿದ್ರೂ ಕಂಪ್ಯೂಟರ್ ಸುದ್ದಿ ಬಂದ ಕೂಡ್ಲೆ ಇಂಗ್ಲಿಷಿಗೆ ಜಿಗೀತೇವಿ. ಹುಬ್ಬಳ್ಳಿ ಗ್ಯಾರೇಜಿನ ಹುಡುಗ ಒಬ್ಬ ನಮ್ಮ ಸಭಾಕ್ಕ ಬಂದು, ಒಂದು ತಾಸು ಸುಮ್ಮನ ಕೂತು ಹ್ವಾದಾಂವ ಮತ್ತ ಬರಲಿಲ್ಲ. ಅದು ನನ್ನ ಕಣ್ಣಾಗ ಇನ್ನೂ ಅದ.

ಬ್ಯಾಸಗಿ ಸಮ್ಮೇಳನಕ್ಕ ಧಾರವಾಡದಿಂದ ಇಬ್ಬರು ಬರೂದು ಖಾತ್ರಿ. ಒಬ್ಬರು ಹೋಗಿ ಬಂದವ್ರು, ಒಬ್ಬರು ಎಂದೂ ಹೋಗದವ್ರು. ನಾ ಬರೂದಿಲ್ಲ.

ಲೆಕ್ಕದ ಪುಸ್ತಕ · ಪುತ್ತೂರು · ಗುರುವಾರ, ರಾತ್ರಿ 10:20

ಮೊಬೈಲ್ ಅಂಗಡಿಯವರ ಹತ್ತಿರ ಇವತ್ತು ಮಾತಾಡಿದೆ. ನೀವು ಬೇಸಿಗೆಯಲ್ಲಿ ಹೋಗಿ, ಎರಡು ದಿನ ಅಂಗಡಿ ನೋಡಿಕೊಳ್ಳಲಿಕ್ಕೆ ಒಬ್ಬರಿಗೆ ಕೊಡುವ ಸಂಬಳವನ್ನು ನಿಧಿಯಿಂದ ಕೊಡುತ್ತೇವೆ ಎಂದೆ. ಮೊದಲು ಬೇಡ ಎಂದರು, ಆಮೇಲೆ ಸುಮ್ಮನಾದರು. ಅಲ್ಲಿ ಹಳೆಯ ಫೋನುಗಳಿಗೆ ಬೇರೆ ಆಪರೇಟಿಂಗ್ ಸಿಸ್ಟಂ ಹಾಕುವುದನ್ನು ತೋರಿಸುತ್ತಾರಾ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರ ಪ್ರಶ್ನೆ ಬರೆದುಕೊಂಡಿದ್ದೇನೆ.

ಮಗು ಇರುವವರು ಬರುವುದಾದರೆ ಅದರ ಖರ್ಚನ್ನೂ ಪ್ರಯಾಣದ ಖರ್ಚೆಂದೇ ಬರೆಯಬೇಕು ಎನ್ನುವುದು ನನ್ನ ಹಟ. ನಾನು ಆರು ವರ್ಷ ಎಲ್ಲಿಗೂ ಹೋಗದೇ ಇದ್ದದ್ದು ಅದೇ ಕಾರಣಕ್ಕೆ, ಆಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೀರಮಲೆ · ಪುತ್ತೂರು · ಶುಕ್ರವಾರ, ಬೆಳಿಗ್ಗೆ 6:50

ಅಕ್ಕ ಬರೆದದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು. ಆರು ವರ್ಷ ನಾನು ಕೇಳಲಿಲ್ಲ ಎನ್ನುವುದು ಈಗ ನೋವಾಗುತ್ತದೆ.

ಈ ಭಾನುವಾರ ನಮ್ಮ ಸಭೆ. ನಾನು ಬರುವುದಿಲ್ಲ. ಸುಳ್ಯದಲ್ಲಿ ತಂಗಿಯ ಮನೆಗೆ ಹೋಗುತ್ತೇನೆ. ಪ್ರೊಜೆಕ್ಟರನ್ನು ವಾಚನಾಲಯದ ಕಪಾಟಿಗೆ ಸಾಗಿಸಿ ಆಯಿತು. ಕೀಲಿಕೈ ಎರಡನೇ ಸಾಲಿನವರ ಹತ್ತಿರ ಕೊಟ್ಟಿದ್ದೇನೆ. ಡೊಮೈನ್, ಇಮೇಲ್, ಎಲ್ಲದರ ವಿವರ ಬರೆದ ಲಕೋಟೆ ಖಜಾಂಚಿಯವರ ಹತ್ತಿರ ಉಂಟು. ಮೇಷ್ಟ್ರ ಪ್ರಶ್ನೆಪತ್ರಿಕೆ ಬಂತು. 34 ಪುಟದಲ್ಲಿ ಎರಡು ಕಡೆ ಭಿನ್ನರಾಶಿ ಕೆಟ್ಟಿತ್ತು, ಕೈಯಲ್ಲಿ ಸರಿಮಾಡಿ ವಾಪಸ್ ಕಳಿಸಿದ್ದೇನೆ.

ಮಂಡ್ಯದ ಮೇಷ್ಟ್ರು · ಶುಕ್ರವಾರ, ರಾತ್ರಿ 9:30

ಸಿಕ್ತು ಸಾರ್. ತೆರೆದು ನೋಡಿ ಒಂದು ನಿಮಿಷ ಮಾತೇ ಬರಲಿಲ್ಲ. 2011ರ ಪತ್ರಿಕೆ ಅದು. ಇನ್ನು 60 ಇವೆ, ಮ್ಯಾಕ್ರೋ ಹೇಗೆ ಓಡಿಸೋದು ಅಂತ ಹೇಳಿಕೊಡಿ, ಉಳಿದದ್ದು ನಾನೇ ಮಾಡ್ಕೋತೀನಿ. ಮೈಸೂರು ಕಡೆಯವರು ಯಾರಾದ್ರೂ ಒಂದು ಭಾನುವಾರ ನಮ್ಮ ಲ್ಯಾಬಿಗೆ ಬರೋಕಾಗುತ್ತಾ? ಊಟ ನಮ್ಮನೇಲಿ.

ಎರಡನೇ ಸಾಲು · ಪುತ್ತೂರು · ಭಾನುವಾರ, ಮಧ್ಯಾಹ್ನ 12:40

ಸಭೆ ನಡೆಯುತ್ತಾ ಉಂಟು. ಒಂಬತ್ತು ಜನ ಬಂದಿದ್ದಾರೆ. ಟಿಪ್ಪಣಿ ಹಂಚಿದೆ. ಈಗ ಒಂದು ತೊಂದರೆ. ಅಂಗನವಾಡಿ ಟೀಚರೊಬ್ಬರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದೆವು, ಎಲ್ಲ ಸರಿ, ವೈಫೈ ಮಾತ್ರ ಕಾಣುತ್ತಿಲ್ಲ. ವೈಫೈ ಚಿಪ್ ಬ್ರಾಡ್‌ಕಾಮ್ ಕಂಪನಿಯದೆಂದು ತೋರಿಸುತ್ತದೆ. ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ, ಅವರು ಎರಡು ಗಂಟೆಯ ಬಸ್ಸಿಗೆ ಹೋಗಬೇಕು.

ಹಳೇ ಸಿಡಿ · ಬೆಂಗಳೂರು · ಭಾನುವಾರ, ಮಧ್ಯಾಹ್ನ 12:52

ಯಾರದ್ದಾದ್ರೂ ಆಂಡ್ರಾಯ್ಡ್ ಫೋನ್ ಯುಎಸ್‌ಬಿ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್‌ನೆಟ್ ಬರುತ್ತೆ. ಆಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮಿನ ಡ್ರೈವರ್ ಆರಿಸಿ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ರೆ ಒಂದು ಪಾಸ್‌ವರ್ಡ್ ಕೊಡು ಅನ್ನುತ್ತೆ, ಮರು ಆರಂಭದಲ್ಲಿ ನೀಲಿ ಪರದೆ ಬಂದಾಗ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ತಪ್ಪಿಸಿಬಿಡಬೇಡಿ.

ಎರಡನೇ ಸಾಲು · ಪುತ್ತೂರು · ಭಾನುವಾರ, ಮಧ್ಯಾಹ್ನ 1:31

ಬಂತು ಸರ್! ವೈಫೈ ಬಂತು. ಟೀಚರ್ ಬಸ್ ಸ್ಟ್ಯಾಂಡಿಗೆ ಹೊರಟರು. ಮುಂದಿನ ತಿಂಗಳು ಇನ್ನೊಬ್ಬ ಟೀಚರನ್ನೂ ಕರೆದುಕೊಂಡು ಬರುತ್ತಾರಂತೆ. ನಾವು ಕೋಣೆ ಗುಡಿಸಿ ಬೀಗ ಹಾಕುತ್ತೇವೆ.